ತಟ್ಟೆಯ ನಡುವಿನ ಗೆರೆ

ಜನವರಿ 9

ಅತ್ತೆ,

ನಿನ್ನ ಕಿವಿಗೂ ಫೋನಿಗೂ ಎಣ್ಣೆ ಸೀಗೆಕಾಯಿ. ಮೊಬೈಲಿನ ಸಣ್ಣ ಅಕ್ಷರ ನಿನ್ನ ಕಣ್ಣಿಗೆ ಹಿಡಿಸುವುದಿಲ್ಲ. ಹೀಗಾಗಿ ಈ ಬೀದಿಯಲ್ಲಿ ಇನ್ನೂ ಅಂಚೆ ಚೀಟಿ ಕೊಳ್ಳುವವಳು ನಾನೊಬ್ಬಳೇ ಇರಬೇಕು. ಅಂಚೆ ಕಚೇರಿಯ ಕೌಂಟರಿನವನು ನನ್ನ ಮುಖ ಕಂಡ ಕೂಡಲೇ ನಗುತ್ತಾನೆ. ಮೊನ್ನೆ "ಪ್ರೇಮಪತ್ರಾನಾ?" ಅಂತ ಕೇಳಿದ. "ಹೂಂ, ಅರವತ್ತೆರಡು ವರ್ಷದೋರಿಗೆ" ಅಂದೆ. ಪಾಪ, ಚಿಲ್ಲರೆ ಕೊಡುವುದನ್ನೇ ಮರೆತ.

ಕೆಲಸ ಸಿಕ್ಕಿತು ಎಂದು ಓಡಿಬಂದೆನೇ ಹೊರತು ಏನು ಕೆಲಸ ಎಂದು ನಿನಗೆ ಬಿಡಿಸಿ ಹೇಳಿರಲಿಲ್ಲ. ಈಗ ಕೇಳು. ನಿನ್ನ ಬೇಕರಿಯ ಬಿಸ್ಕತ್ತಿನ ಅಚ್ಚಿನಷ್ಟು ಅಗಲದ ಪ್ಲಾಸ್ಟಿಕ್ ತಟ್ಟೆಗಳಿವೆ. ಅವುಗಳ ತಳದಲ್ಲಿ ಸ್ತನ ಕ್ಯಾನ್ಸರಿನ ಜೀವಕೋಶಗಳನ್ನು ಬೆಳೆಸುತ್ತೇವೆ. ಯಾವುದೋ ಕಾಲದಲ್ಲಿ ಯಾರೋ ಹೆಂಗಸಿನ ಮೈಯಿಂದ ತೆಗೆದವು. ಆಕೆ ಹೋಗಿ ಎಷ್ಟೋ ವರ್ಷವಾಗಿದೆ, ಇವು ಮಾತ್ರ ಬೆಳೆಯುತ್ತಲೇ ಇವೆ. ತಳ ಪೂರ್ತಿ ತುಂಬಿದ ಮೇಲೆ ಒಂದು ಸಣ್ಣ ಕೊಳವೆಯ ತುದಿಯಿಂದ ನಡುವೆ ಗೆರೆ ಎಳೆಯುತ್ತೇನೆ. ಅಲ್ಲಿರುವ ಕೋಶಗಳೆಲ್ಲ ಕಿತ್ತುಬಂದು ಒಂದು ಖಾಲಿ ದಾರಿ ಉಳಿಯುತ್ತದೆ. ಮಾರನೆಯ ದಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡೂ ದಡಗಳಿಂದ ಅವು ಒಳಗೆ ಬಂದಿರುತ್ತವೆ. ಎಷ್ಟು ಬಂದಿವೆ ಎಂದು ಅಳೆಯುವುದೇ ನನ್ನ ಉದ್ಯೋಗ.

ಇದರಲ್ಲಿ ನಿನ್ನ ಸಂಬಂಧವೂ ಒಂದಿದೆ. ಕೆಲವು ತಟ್ಟೆಗಳಿಗೆ ಆರೋಗ್ಯವಂತರ ರಕ್ತದಲ್ಲಿ ಇರುವಷ್ಟೇ ಸಕ್ಕರೆಯ ನೀರು ಹಾಕುತ್ತೇವೆ. ಇನ್ನು ಕೆಲವಕ್ಕೆ ನಿನ್ನಂತೆ ಸಕ್ಕರೆ ಕಾಯಿಲೆ ಇಟ್ಟುಕೊಂಡು ಮಾತ್ರೆ ಮರೆಯುವವರ ರಕ್ತದಷ್ಟು ಸಿಹಿ ನೀರು. ಸಿಹಿ ನೀರಿನಲ್ಲಿ ಗೆರೆ ಬೇಗ ಮುಚ್ಚಿಹೋಗುತ್ತದೆ ಅತ್ತೆ! ಅವು ಓಡುತ್ತವೆ. ನಮ್ಮ ಲ್ಯಾಬಿನ ದೊಡ್ಡ ಮೇಡಂ ನನ್ನ ಚಿತ್ರಗಳನ್ನು ನೋಡಿ "ಗೆರೆ ನೀಟಾಗಿದೆ, ಕೈ ಚೆನ್ನಾಗಿದೆ ನಿಮ್ದು" ಅಂದರು. ಕೇಕಿನ ಮೇಲೆ ಗೆರೆ ಎಳೆದು ಪಳಗಿದ ಕೈ ಎಂದು ಅವರಿಗೇನು ಗೊತ್ತು.

ರೂಮು ಚೆನ್ನಾಗಿದೆ. ನಾಲ್ಕನೇ ಮಹಡಿ. ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ, ಅದರ ಮೇಲೆ ನೀರಿನ ಕೊಳವೆಗಳು. ಪಕ್ಕದ ಮೇಜಿನ ಕನ್ನಡಕದವಳು ಒಳ್ಳೆಯ ಗೆಳತಿಯಾಗಿದ್ದಾಳೆ. ಮಧ್ಯಾಹ್ನ ಜೊತೆಯಲ್ಲೇ ಊಟ ಮಾಡುತ್ತೇವೆ. ನನ್ನ ಬಗ್ಗೆ ಚಿಂತೆ ಬೇಡ.

ನಿನ್ನ
ಇರುವೆ


ಜನವರಿ 21

ಇರುವೆ,

ಕಾಗದ ಬಂತು. ಒಲೆಯವನು ಓದಿ ಹೇಳಲಾ ಎಂದ, ಕಿತ್ತುಕೊಂಡೆ. ಇಪ್ಪತ್ತು ವರ್ಷದಿಂದ ನನ್ನ ಒಲೆ ಕಾಯುತ್ತಿದ್ದಾನೆ ಎಂದ ಮಾತ್ರಕ್ಕೆ ನನ್ನ ಕಾಗದವನ್ನೂ ಕಾಯಬೇಕಿಲ್ಲ.

ಸಕ್ಕರೆ ಡಬ್ಬಿ ಅಟ್ಟದ ಮೇಲಿಟ್ಟರೂ ಹುಡುಕಿಕೊಂಡು ಹೋಗುತ್ತಿದ್ದೆ ಎಂದು ನಿನಗೆ ಇರುವೆ ಎಂದು ಹೆಸರಿಟ್ಟವಳು ನಾನು. ನಿಮ್ಮಪ್ಪ, ನನ್ನ ತಮ್ಮ, ನಿನ್ನನ್ನು ನನ್ನ ಮಡಿಲಿಗೆ ಹಾಕಿ ಹೋದಾಗ ನೀನು ಒಂದು ಹಿಟ್ಟಿನ ಮೂಟೆಯಷ್ಟೂ ಇರಲಿಲ್ಲ. ಈಗ ನೋಡಿದರೆ ಸಕ್ಕರೆಯ ಹಿಂದೆ ಓಡುವ ಇನ್ಯಾರದೋ ಲೆಕ್ಕ ಇಡುವ ಕೆಲಸ. ನಗು ಬಂತು. ಗೆಳತಿ ಸಿಕ್ಕಿದ್ದು ಕೇಳಿ ಹೊಟ್ಟೆ ತಣ್ಣಗಾಯಿತು. ನೀನು ಅಲ್ಲಿ ಒಬ್ಬಳೇ ಗೋಡೆ ನೋಡುತ್ತ ಕೂತಿರುತ್ತೀಯೇನೋ ಎಂದು ನನಗೆ ಅದೇ ಯೋಚನೆಯಾಗಿತ್ತು.

ಒಂದು ವಿಷಯ ಕೇಳಬೇಕಿತ್ತು. ನನಗಲ್ಲ. ವಾರಕ್ಕೊಮ್ಮೆ ರಸ್ಕ್ ಒಯ್ಯಲು ಬರುವ ಹೆಂಗಸಿದ್ದಾಳಲ್ಲ, ನನ್ನ ವಯಸ್ಸಿನವಳು, ಅವಳಿಗೂ ಸಕ್ಕರೆ ಕಾಯಿಲೆ. ಅವಳ ಎದೆಯಲ್ಲಿ ಎಡಗಡೆ ಗಂಟಾಗಿದೆಯಂತೆ. ನೆನೆಸಿದ ಒಣದ್ರಾಕ್ಷಿಯಷ್ಟು. ಒತ್ತಿದರೆ ಜಾರುವುದಿಲ್ಲ, ಅಲ್ಲೇ ಕಚ್ಚಿಕೊಂಡಿರುತ್ತದೆ. ಸೂಜಿ ಹಾಕಿ ನೋಡಿದ್ದಾರೆ, ಅದೇ ಎಂದು ಹೇಳಿದ್ದಾರೆ. ಬೇಗ ತೆಗೆಸಬೇಕು, ಅದಕ್ಕೂ ಮೊದಲು ಸಕ್ಕರೆ ಇಳಿಸಿಕೊಂಡು ಬನ್ನಿ ಎಂದರಂತೆ ಸರ್ಜನ್. ಅವಳಿಗೆ ಕತ್ತಿ ಎಂದರೆ ಕೈಕಾಲು ಆಡುವುದಿಲ್ಲ. ಸಕ್ಕರೆ ಸಿಗದಿದ್ದರೆ ನಿನ್ನ ತಟ್ಟೆಯಲ್ಲಿನವು ಸುಮ್ಮನೆ ಇದ್ದಲ್ಲೇ ಇರುತ್ತವಾ? ಕೇಳಿ ಹೇಳು ಎಂದಳು.

ನಾನು ರುಚಿ ನೋಡುವುದನ್ನು ಬಿಟ್ಟಿದ್ದೇನೆ. ಈಗ ಕ್ರೀಮಿನ ರುಚಿ ಒಲೆಯವನ ನಾಲಿಗೆಯ ಜವಾಬ್ದಾರಿ. ಅವನಿಗೋ ಎಲ್ಲವೂ "ಪರ್ವಾಗಿಲ್ಲ".

ನಿನ್ನ
ಅತ್ತೆ


ಜನವರಿ 30

ಅತ್ತೆ,

ರುಚಿ ನೋಡುವುದನ್ನು ಬಿಟ್ಟೆಯಾ! ಹತ್ತು ವರ್ಷ ಡಾಕ್ಟರು ಬಡಕೊಂಡರೂ ಬಿಡದವಳು ನನ್ನ ಒಂದು ಕಾಗದಕ್ಕೆ ಬಿಟ್ಟೆ. ನನಗೆ ಕೋಡು ಮೂಡಿದೆ. ಕನ್ನಡಕದವಳಿಗೂ ಹೇಳಿದೆ, ತುಂಬ ನಕ್ಕಳು.

ರಸ್ಕಿನವರಿಗೆ ಹೇಳು, ಅವರ ಯೋಚನೆ ಸರಿಯಾಗಿದೆ. ಸಕ್ಕರೆ ಕಡಿಮೆ ಇರುವ ತಟ್ಟೆಯಲ್ಲಿ ಇವು ಸೋಮಾರಿಗಳು. ಗೆರೆಯ ಅಂಚಿನಲ್ಲೇ ಕೂತಿರುತ್ತವೆ. ಸಕ್ಕರೆಯೇ ಇವಕ್ಕೆ ಕಾಲು ಕೊಡುವುದು. ಅವರು ಸಿಹಿ ಮುಟ್ಟಬಾರದು, ರಸ್ಕನ್ನೂ ಬಿಡಲಿ. ನಿನ್ನ ವ್ಯಾಪಾರಕ್ಕೆ ಕಲ್ಲು ಹಾಕಿದೆ ಎಂದು ಬೈಯಬೇಡ. ಅರ್ಥವಾಗಲಿ ಎಂದು ಚಿತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ. ಎಡಗಡೆಯ ತಟ್ಟೆ ಸಿಹಿ ನೀರಿನದು, ಗೆರೆ ಮುಚ್ಚಿಹೋಗಿದೆ. ಬಲಗಡೆಯದು ಸಪ್ಪೆ, ಗೆರೆ ಹಾಗೇ ಇದೆ. ಅವರಿಗೆ ತೋರಿಸು.

ಇಲ್ಲಿ ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಭಾನುವಾರ ಬೇಜಾರಾದರೆ ಲ್ಯಾಬಿಗೆ ಬಂದುಬಿಡುತ್ತೇನೆ. ಕೋಶಗಳಿಗೆ ನೀರು ಬದಲಿಸಬೇಕಲ್ಲ. ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆರೆದರೆ ನಿನ್ನ ಹಿಟ್ಟು ಉಬ್ಬಲು ಇಡುವ ಕಪಾಟಿನ ನೆನಪಾಗುತ್ತದೆ. ಹಾಗೇ ನಿಂತಿರುತ್ತೇನೆ.

ನಿನ್ನ
ಇರುವೆ


ಫೆಬ್ರವರಿ 24

ಅತ್ತೆ,

ಕಾಗದ ಯಾಕಿಲ್ಲ? ಮದುವೆ ಸೀಸನ್ನಿನ ಕೇಕುಗಳಲ್ಲಿ ಮುಳುಗಿದ್ದೀಯ ಎಂದು ಮೊದಲ ಎರಡು ವಾರ ಸಮಾಧಾನ ಮಾಡಿಕೊಂಡೆ. ಈಗ ಕೋಪ ಬಂದಿದೆ. ಅಂಚೆಯವನೇ "ಅವರು ಬರೀಲಿಲ್ವಾ?" ಎಂದು ಕೇಳುತ್ತಿದ್ದಾನೆ, ಅವನ ಮುಂದೆ ನನ್ನ ಮರ್ಯಾದೆ ಹೋಯಿತು. ಎರಡು ಸಾಲಾದರೂ ಗೀಚು.

ರಸ್ಕಿನವರ ಆಪರೇಷನ್ ಆಯಿತಾ?

ಇರುವೆ


ಮಾರ್ಚ್ 2

ಇರುವೆ,

ಕೋಪ ಮಾಡಿಕೊಳ್ಳಬೇಡ. ಕೆಲಸ ಹೆಚ್ಚಿತ್ತು. ಅಕ್ಷರ ಸೊಟ್ಟಗಿದೆ ಎಂದು ಆಡಿಕೊಳ್ಳಬೇಡ, ಕೈ ಸ್ವಲ್ಪ ನಡುಗುತ್ತದೆ. ಚಳಿ ಇರಬೇಕು.

ನಿನ್ನ ಚಿತ್ರವನ್ನು ಒಲೆಯ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ದಿನಾ ನೋಡುತ್ತೇನೆ. ಬಲಗಡೆಯ ತಟ್ಟೆ ಬಹಳ ಸಮಾಧಾನ ಕೊಡುತ್ತದೆ.

ರಸ್ಕಿನವಳ ಆಪರೇಷನ್ ಆಗಿಲ್ಲ. ಫೆಬ್ರವರಿ ಮೊದಲ ವಾರ ಬರಲು ಹೇಳಿದ್ದರು, ಅವಳೇ ಮುಂದಕ್ಕೆ ಹಾಕಿದಳು. ಅವಸರ ಏನಿದೆ? ನನಗೂ ಅವಳ ಮಾತು ಸರಿ ಎನ್ನಿಸಿತು. ಬೆಚ್ಚಗಿನ ನೀರಿಗೆ ಈಸ್ಟ್ ಹಾಕಿ ಚಿಟಿಕೆ ಸಕ್ಕರೆ ಕೊಟ್ಟರೆ ಹೇಗೆ ನೊರೆಯೆದ್ದು ಕುಣಿಯುತ್ತದೆ, ಕೊಡದಿದ್ದರೆ ಹೇಗೆ ಬಟ್ಟಲ ತಳದಲ್ಲಿ ಮಲಗಿರುತ್ತದೆ, ನಲವತ್ತು ವರ್ಷದಿಂದ ನೋಡಿದವಳು ನಾನು. ಮಲಗಿದ್ದನ್ನು ಯಾಕೆ ಎಬ್ಬಿಸಬೇಕು? ಅವಳು ಸಕ್ಕರೆ ಬಿಟ್ಟಳು, ಬ್ರೆಡ್ಡು ಬಿಟ್ಟಳು, ಅನ್ನ ಬಿಟ್ಟಳು, ಹಣ್ಣನ್ನೂ ಬಿಟ್ಟಳು. ಬೇಯಿಸಿದ ಸೊಪ್ಪು, ನೀರು, ಸಕ್ಕರೆ ಕಾಯಿಲೆಯ ಮಾತ್ರೆ, ಅಷ್ಟೇ. ಒಂದು ದಿನ ಕಣ್ಣು ಕತ್ತಲೆ ಬಂದು ಬಿದ್ದಳಂತೆ. ಬೀಳಲಿ ಬಿಡು. ಅವಳಿಗೆ ಆಹಾರ ಇಲ್ಲದಿದ್ದರೆ ಅದಕ್ಕೂ ಇಲ್ಲ.

ಈಚೆಗೆ ಕಂಕುಳಲ್ಲೂ ಒಂದು ಸಣ್ಣದು ಕೈಗೆ ಸಿಗುತ್ತದೆ ಎನ್ನುತ್ತಾಳೆ. ಎಳ್ಳಿಗಿಂತ ದೊಡ್ಡದು, ಬಟಾಣಿಗಿಂತ ಸಣ್ಣದು. ಅದು ಮೊದಲಿನಿಂದ ಇತ್ತೋ ಈಗ ಬಂತೋ ಗೊತ್ತಿಲ್ಲ. ಸಕ್ಕರೆ ಕೊಡದಿದ್ದರೂ ಹೇಗೆ ಬಂತು ಎಂದು ಅವಳಿಗೆ ಒಂದೇ ಯೋಚನೆ.

ನಿನ್ನ ಗೆಳತಿಯನ್ನು ಕೇಳಿದೆ ಎಂದು ಹೇಳು. ಜೊತೆಗೆ ಜನ ಇದ್ದಾರೆ ಎಂದು ನೆನೆಸಿಕೊಂಡಾಗೆಲ್ಲ ನನಗೆ ಧೈರ್ಯ. ಇಲ್ಲಿನ ಸಣ್ಣಪುಟ್ಟದ್ದಕ್ಕೆಲ್ಲ ನಿನ್ನನ್ನು ಎಳೆಯಬಾರದು.

ಅತ್ತೆ


ಮಾರ್ಚ್ 8

ಅತ್ತೆ,

ಒತ್ತಿದರೆ ಜಾರುವುದಿಲ್ಲ ಎಂದು ಬರೆದಿದ್ದೆಯಲ್ಲ. ಜನವರಿಯ ಕಾಗದವನ್ನು ಮತ್ತೆ ತೆಗೆದು ಓದಿದೆ. ಅಂಗಡಿಗೆ ಬರುವ ಹೆಂಗಸು ಗಂಟು ಇದೆ ಎಂದು ಹೇಳಿಕೊಳ್ಳಬಹುದು. ಬೆರಳಿಗೆ ಅದು ಹೇಗೆ ಸಿಗುತ್ತದೆ ಎಂದು ಗಲ್ಲಾಪೆಟ್ಟಿಗೆಯ ಎದುರು ನಿಂತು ಯಾರೂ ಹೇಳುವುದಿಲ್ಲ. ಗಂಟನ್ನು ನೆನೆಸಿದ ಒಣದ್ರಾಕ್ಷಿಯಿಂದ ಅಳೆಯುವವಳು ಈ ಲೋಕದಲ್ಲಿ ಒಬ್ಬಳೇ.

ಅಂಗಡಿಗೆ ಫೋನ್ ಮಾಡಿ ಒಲೆಯವನ ಬಾಯಿ ಬಿಡಿಸಿದೆ. "ಅಮ್ಮಾವ್ರು ಹೇಳ್ಬೇಡ ಅಂದಿದ್ರು. ಹಿಟ್ಟು ನಾದ್ತಾ ನಾದ್ತಾ ಕುಸಿದು ಬಿದ್ರು. ಬೆವರು ಅಂದ್ರೆ ಬೆವರು. ಬಾಯಿಗೆ ಸಕ್ಕರೆ ಹಾಕಕ್ಕೆ ಹೋದ್ರೆ ಹಲ್ಲು ಕಚ್ಕೊಂಡು ತಲೆ ಅಲ್ಲಾಡಿಸ್ತಾರೆ" ಎಂದು ಅತ್ತುಬಿಟ್ಟ. ಲ್ಯಾಬಿನ ಮೆಟ್ಟಿಲ ಮೇಲೆ ಕೂತು ನಾನೂ ಅತ್ತುಬಿಟ್ಟೆ. ಹತ್ತಿ ಇಳಿಯುವವರು ದಾಟಿಕೊಂಡು ಹೋದರು.

ಈಗ ನಾನು ಬರೆಯುವುದನ್ನು ನಿಧಾನವಾಗಿ ಓದು. ನಾನು ನಿನಗೆ ಬರೆದದ್ದು ಅವಸರದ ಮಾತು. ಹೋದ ವಾರ ದೊಡ್ಡ ಮೇಡಂ ನನ್ನ ಚಿತ್ರಗಳನ್ನು ಮುಂದಿಟ್ಟುಕೊಂಡು ಕೇಳಿದರು: "ಇವು ನಡ್ಕೊಂಡು ಬಂದ್ವಾ, ಇಲ್ಲ ಇದ್ದಲ್ಲೇ ಒಂದು ಎರಡಾಗಿ ಹೆಚ್ಚಿ ಜಾಗ ತುಂಬಿದ್ವಾ?" ಸಕ್ಕರೆ ಇದ್ದರೆ ಅವು ಹೆಚ್ಚುತ್ತವೆ ಕೂಡ. ಹೆಚ್ಚುವುದನ್ನು ತಡೆದು ನೋಡಿದರೆ ಮಾತ್ರ ಓಡಿದವೋ ಇಲ್ಲವೋ ಹೇಳಬಹುದು. ನಾನು ತಡೆದಿರಲಿಲ್ಲ. ತಡೆಯದೆಯೇ ಓಡುತ್ತವೆ ಎಂದು ನಿನಗೆ ಬರೆದು, ಚಿತ್ರ ಬೇರೆ ಬಿಡಿಸಿ ಕಳಿಸಿದೆ.

ಇನ್ನೊಂದು. ನನ್ನ ತಟ್ಟೆಯಲ್ಲಿ ಇರುವುದು ನೀರು ಮತ್ತು ಕೋಶ, ಅಷ್ಟೇ. ಅಲ್ಲಿ ಹೊಟ್ಟೆಯಿಲ್ಲ, ರಕ್ತವಿಲ್ಲ, ಯಕೃತ್ತು ಇಲ್ಲ. ನೀನು ಉಪವಾಸ ಬಿದ್ದರೂ ನಿನ್ನ ಯಕೃತ್ತು ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಇಲ್ಲದಿದ್ದರೆ ನಿನ್ನ ಮಿದುಳು ನಡೆಯುವುದಿಲ್ಲ. ಆ ಗಂಟಿಗೆ ಅದರಲ್ಲೇ ಪಾಲು ಸಿಗುತ್ತದೆ. ಅದನ್ನು ಹಸಿವಿನಿಂದ ಕೊಲ್ಲಲು ಆಗುವುದಿಲ್ಲ. ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದರೆ ಕೊಲ್ಲುವುದು ನಿನ್ನನ್ನು.

ಈಸ್ಟಿನ ಮಾತು ಹೇಳಿದೆಯಲ್ಲ. ಆಸ್ಪತ್ರೆಯ ಆರ್ಡರಿಗೆ ನೀನು ಮಾಡುತ್ತಿದ್ದ ಸಪ್ಪೆ ಬ್ರೆಡ್ಡು ನೆನಪಿದೆಯಾ? ಅದಕ್ಕೆ ಒಂದು ಹರಳು ಸಕ್ಕರೆ ಹಾಕುತ್ತಿರಲಿಲ್ಲ. ಸಂಜೆ ಕಲಸಿ ಮುಚ್ಚಿಡುತ್ತಿದ್ದೆ. ಬೆಳಿಗ್ಗೆ ನಾನು ಬಟ್ಟೆ ಸರಿಸಿ "ಅತ್ತೆ, ಇದೂ ಎದ್ದಿದೆ!" ಎಂದರೆ "ಹಿಟ್ಟಲ್ಲೇ ಇರತ್ತೆ ಕಣೇ ಅದಕ್ಕೆ ಬೇಕಾದ್ದು, ತಡವಾಗಿ ಏಳತ್ತೆ ಅಷ್ಟೆ" ಅನ್ನುತ್ತಿದ್ದೆ. ನೀನೇ ಕಲಿಸಿದ್ದನ್ನು ಹೆದರಿಕೆಯಲ್ಲಿ ಮರೆತೆ. ಸಕ್ಕರೆ ಕೊಡದ ಹಿಟ್ಟು ಮಲಗಿರುವುದಿಲ್ಲ ಅತ್ತೆ, ಅದೂ ಏಳುತ್ತದೆ.

ಆ ಚಿತ್ರವನ್ನು ಹರಿದು ಒಲೆಗೆ ಹಾಕು. ನಾಳೆಯೇ ಆಸ್ಪತ್ರೆಗೆ ಹೋಗು. ಹೊಟ್ಟೆಗೆ ಏನು, ಎಷ್ಟು, ಯಾವ ಮಾತ್ರೆ, ಎಲ್ಲ ಅವರನ್ನೇ ಕೇಳು. ಮಾತು ಕೇಳಿಸದಿದ್ದರೆ ಬರೆದುಕೊಡಿ ಎನ್ನು. ನಾನು ಬರಲಾ?

ಇರುವೆ


ಮಾರ್ಚ್ 16

ಇರುವೆ,

ಸಿಕ್ಕಿಬಿದ್ದೆ. ರಸ್ಕಿನವಳಿಗೆ ಇದೆಲ್ಲ ಗೊತ್ತಾದರೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಕಲ್ಲಿನಂತೆ ಗಟ್ಟಿಯಾಗಿರುವ ಅವಳಿಗೆ ನಾನು ಇಲ್ಲದ ರೋಗ ಹಚ್ಚಿದೆ.

ಒಲೆಯವನ ಜೊತೆ ಹೋಗಿಬಂದೆ. ಸರ್ಜನ್ ಮುಖ ಗಂಟಿಕ್ಕಿಕೊಂಡು ತುಂಬ ಹೊತ್ತು ಮಾತಾಡಿದರು. ಒಲೆಯವನು ಅದನ್ನೆಲ್ಲ ಒಂದೇ ಸಾಲಿನಲ್ಲಿ ಬರೆದು ತೋರಿಸಿದ: "ಬೈತಾ ಇದ್ದಾರೆ." ಈಗ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೇನೆ. ಹೊಟ್ಟೆಯ ಚರ್ಮಕ್ಕೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ಸಕ್ಕರೆ ಹಿಡಿತಕ್ಕೆ ಬಂದರೆ ಈ ತಿಂಗಳ ಕೊನೆಯಲ್ಲಿ ತೆಗೆಯುತ್ತಾರೆ. ಹೆಚ್ಚಿದ್ದರೆ ಗಾಯ ಕೂಡುವುದಿಲ್ಲವಂತೆ, ಅದಕ್ಕೇ ಅವರು ಇಳಿಸಿಕೊಂಡು ಬನ್ನಿ ಎಂದದ್ದು. ನಾನು ಏನೇನೋ ಅರ್ಥ ಮಾಡಿಕೊಂಡೆ.

ನೀನು ಬರಬೇಡ. ಹೊಸ ಕೆಲಸ, ಅದೂ ಅಲ್ಲದೆ ನೀನು ಬಂದು ಮಂಚದ ಪಕ್ಕ ಕೂತರೆ ವಿಷಯ ದೊಡ್ಡದು ಎಂದಾಗುತ್ತದೆ. ನನಗೆ ಈಗ ಅದು ಸಣ್ಣದಾಗಿ ಕಾಣಬೇಕು.

ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡು. ಆವತ್ತೇ ತೆಗೆಸಿದ್ದರೆ ಕಂಕುಳಿಗೆ ಬರುತ್ತಿರಲಿಲ್ಲವಾ? ನಾನು ಕಾದು ಕೂತ ಕಾಲದಲ್ಲೇ ಅದು ನಡೆದು ಬಂತಾ? ಸಮಾಧಾನದ ಮಾತು ಬೇಡ. ಗೊತ್ತಿದ್ದರೆ ಹೇಳು.

ಅತ್ತೆ


ಏಪ್ರಿಲ್ 6

ಅತ್ತೆ,

ಆಪರೇಷನ್ ಮುಗಿಯಿತು, ನೀನು ಎದ್ದು ಕೂತು ಕಾಫಿ ನೀರಾಗಿದೆ ಎಂದು ನರ್ಸಿನ ಮೇಲೆ ರೇಗಿದೆ ಎಂದು ಒಲೆಯವನು ಹೇಳಿದ. ಅದನ್ನು ಕೇಳಿದ ಮೇಲೆ ನಾನು ಉಂಡೆ.

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ನನಗೆ ಗೊತ್ತಿಲ್ಲ ಅತ್ತೆ. ಯಾರಿಗೂ ಗೊತ್ತಾಗುವುದಿಲ್ಲ. ಹೆಚ್ಚುವುದನ್ನು ತಡೆದು ಪ್ರಯೋಗವನ್ನು ಮತ್ತೆ ಮಾಡಿದೆ. ಸಿಹಿ ನೀರಿನಲ್ಲಿ ಗೆರೆ ಈಗಲೂ ಸ್ವಲ್ಪ ಬೇಗ ಮುಚ್ಚುತ್ತದೆ, ಆದರೆ ಮೊದಲು ಕಂಡಷ್ಟು ಅಲ್ಲ. ಓಡಾಟದಲ್ಲಿ ಸಕ್ಕರೆಯ ಕೈವಾಡ ಇರಬಹುದು. ತಟ್ಟೆಯಲ್ಲಿ ಕಂಡದ್ದು ಮೈಯಲ್ಲಿ ಆಗಿಯೇ ತೀರುತ್ತದೆ ಎನ್ನಲು ಆಗುವುದಿಲ್ಲ. ನಿನ್ನ ಕಂಕುಳಿನದು ಜನವರಿಗೆ ಮೊದಲೇ ಅಲ್ಲಿ ಇದ್ದಿರಬಹುದು. ಇಲ್ಲದೆಯೂ ಇದ್ದಿರಬಹುದು. ಆ ವಾರಗಳು ನನ್ನಿಂದ ಹೋದವು, ಅಷ್ಟು ಮಾತ್ರ ನನಗೆ ಖಂಡಿತ ಗೊತ್ತು.

ಇನ್ನೊಂದು ವಿಷಯ. ಕನ್ನಡಕದವಳು ನನ್ನ ಗೆಳತಿಯಲ್ಲ. ಪಕ್ಕದ ಮೇಜಿನಲ್ಲಿ ಇದ್ದಾಳೆ, ನಿಜ. "ಬಾಗಿಲು ಹಾಕಿ" ಎನ್ನುವುದಕ್ಕಿಂತ ಹೆಚ್ಚು ಮಾತು ನಮ್ಮ ನಡುವೆ ಆಗಿಲ್ಲ. ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಹೋಗಿ ಫ್ರೀಜರುಗಳಿರುವ ಕೋಣೆಯಲ್ಲಿ ತಿನ್ನುತ್ತೇನೆ. ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಯಾರ ಜೊತೆಯೂ ಒಂದು ಮಾತಿಲ್ಲ. ನೀನು ಹೆದರಬಾರದು ಎಂದು ಗೆಳತಿಯನ್ನು ಹುಟ್ಟಿಸಿದೆ. ನನಗೆ ಜನರಿದ್ದಾರೆ ಎಂದು ನಂಬಿ ನೀನು ರಸ್ಕಿನವಳ ಹಿಂದೆ ಅಡಗಿಕೊಂಡೆ. ಇಬ್ಬರೂ ಸೇರಿ ಎಂಥ ಕೆಲಸ ಮಾಡಿದೆವು ನೋಡು.

ನೀನು ಬರಬೇಡ ಎಂದೆ, ನಾನು ಬರಲಿಲ್ಲ. ರಜೆ ಸಿಗುತ್ತಿತ್ತು, ದೊಡ್ಡ ಮೇಡಂ ತಾವಾಗಿಯೇ "ಹೋಗ್ಬನ್ನಿ" ಅಂದಿದ್ದರು. ನಿನ್ನ ಮುಖ ನೋಡಲು ನನಗೆ ಧೈರ್ಯ ಇರಲಿಲ್ಲ.

ಇರುವೆ


ಏಪ್ರಿಲ್ 15

ಇರುವೆ,

ಗೊತ್ತಿಲ್ಲ ಎಂದು ಬರೆದೆಯಲ್ಲ, ಆ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಇಲ್ಲಿ ಬಂದವರೆಲ್ಲ ಏನೂ ಆಗುವುದಿಲ್ಲ, ಏನೂ ಆಗುವುದಿಲ್ಲ ಎಂದು ಕೈಸನ್ನೆ ಮಾಡಿ ಹೋಗುತ್ತಾರೆ. ಅದಕ್ಕಿಂತ ನಿನ್ನ ಗೊತ್ತಿಲ್ಲ ಎನ್ನುವುದನ್ನು ತಬ್ಬಿಕೊಂಡು ಮಲಗುವುದು ಸುಲಭ.

ಕಂಕುಳಲ್ಲಿ ತೆಗೆದ ಗ್ರಂಥಿಗಳಲ್ಲಿ ಒಂದರಲ್ಲಿ ಅದು ಇತ್ತಂತೆ. ಯಾವಾಗ ಬಂತು ಎಂದು ಸರ್ಜನರನ್ನೂ ಬರೆದು ಕೇಳಿದೆ. ನಿನ್ನ ಹಾಗೆಯೇ ಕೈ ಚೆಲ್ಲಿದರು. ಮುಂದಿನ ತಿಂಗಳಿಂದ ಔಷಧ ಏರಿಸುತ್ತಾರೆ. ಕೂದಲು ಹೋಗುತ್ತದೆ ಎಂದರು. ಬ್ರೆಡ್ಡಿನಲ್ಲಿ ಕೂದಲು ಬಂತು ಎಂದು ಇನ್ನು ಮೇಲೆ ಯಾರೂ ತಕರಾರು ತೆಗೆಯುವುದಿಲ್ಲ.

ವಾರಗಳು ನಿನ್ನಿಂದ ಹೋದವು ಎಂದು ಬರೆಯಬೇಡ. ಕತ್ತಿಗೆ ಹೆದರಿದವಳು ನಾನು. ನೀನು ಬರೆಯದಿದ್ದರೆ ಇನ್ನೊಂದು ನೆಪ ಹುಡುಕುತ್ತಿದ್ದೆ. ನಿನ್ನ ಚಿತ್ರವನ್ನು ಸುಡಲಿಲ್ಲ. ಎಷ್ಟಾದರೂ ನೀನು ಬಿಡಿಸಿದ್ದು.

ಆ ಫ್ರೀಜರಿನ ಕೋಣೆಯ ಮಾತು ಓದಿ ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದೆ ನಾನು. ಒಲೆಯವನು ನೋವು ಎಂದುಕೊಂಡ. ಇಲ್ಲಿಯೂ ಹಾಗೇ ಇದೆ ಇರುವೆ. ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲಿ ನಾನು ಮತ್ತು ಗೋಡೆ. ಕಿವಿ ಕೇಳದವಳಿಗೆ ಮನೆಯಲ್ಲಿ ಯಾರೂ ಇಲ್ಲ ಎನ್ನುವುದು ಗೊತ್ತೇ ಆಗುವುದಿಲ್ಲ ಎಂದು ಜನ ತಿಳಿದಿದ್ದಾರೆ. ಚೆನ್ನಾಗಿ ಗೊತ್ತಾಗುತ್ತದೆ.

ನನ್ನ ಎದೆಯ ಮೇಲೂ ಈಗ ಒಂದು ಗೆರೆ ಇದೆ. ನಿನ್ನ ತಟ್ಟೆಯದು ನಿಧಾನಕ್ಕೆ ಮುಚ್ಚಿದರೆ ಒಳ್ಳೆಯದು, ನನ್ನದು ಬೇಗ ಮುಚ್ಚಿದರೆ ಒಳ್ಳೆಯದು. ಸಕ್ಕರೆ ಅಲ್ಲಿ ಅವಸರ ಮಾಡಿಸುತ್ತದೆ, ಇಲ್ಲಿ ತಡ ಮಾಡಿಸುತ್ತದೆ. ಎರಡು ಕಡೆಯೂ ನಮಗೆ ಬೇಡದ್ದೇ ಅದಕ್ಕೆ ಬೇಕು. ನರ್ಸ್ ಮನೆಗೆ ಬಂದು ಗಾಯದ ಬಟ್ಟೆ ಬದಲಿಸುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಚೆನ್ನಾಗಿ ಕೂಡುತ್ತಿದೆ ಎಂದು ಅವಳು ಬರೆದು ತೋರಿಸುತ್ತಾಳೆ. ಕನ್ನಡಿಯ ಮೇಲೆ ಟವೆಲು ಹೊದಿಸಿಟ್ಟಿದ್ದೇನೆ. ನಾನು ಇನ್ನೂ ನೋಡಿಲ್ಲ. ಒಬ್ಬಳೇ ನೋಡಲು ಆಗುತ್ತಿಲ್ಲ.

ಬರಬೇಡ ಎಂದಿದ್ದೆನಲ್ಲ. ಬಾ. ಗೆರೆ ನೋಡುವುದು ನಿನ್ನ ಕೆಲಸ. ನೀನು ಟವೆಲು ತೆಗೆ, ನಾನು ಕಣ್ಣು ಬಿಡುತ್ತೇನೆ.

ನಿನ್ನ
ಅತ್ತೆ